ಪುಟ್ಟೀರಮ್ಮನ ನೀಲಿ

ಬಾ ಇಲ್ಲಿ. ಮೊದಲು ಆ ಲೆಕ್ಕದ ಪುಸ್ತಕ ಮುಚ್ಚಿಡು. ಮೇಷ್ಟ್ರು ಕೆಂಪು ಗೀಟು ಎಳೆದ್ರೆ ಎಳೀಲಿ ಬಿಡು, ಅಷ್ಟಕ್ಕೆಲ್ಲ ಯಾರಾದ್ರೂ ಮೂಗಲ್ಲಿ ಸುರ್ ಸುರ್ ಅಂತ ಅಳ್ತಾರಾ? ಏನು ಕೇಳಿದ್ರು ಹೇಳು. ಒಂದು ನೀರಿನ ತೊಟ್ಟಿ. ಅದರ ಉದ್ದ, ಅಗಲ, ಎತ್ತರ ಮೂರನ್ನೂ ಎರಡರಷ್ಟು ಮಾಡಿದ್ರೆ ನೀರು ಎಷ್ಟರಷ್ಟು ಹಿಡಿಯುತ್ತೆ ಅಂತಾನಾ? ನೀನು ಎರಡರಷ್ಟು ಅಂತ ಬರೆದ್ಯಾ? ಅಯ್ಯೋ ನನ್ನ ಬಂಗಾರ! ನಗಲ್ಲ, ನಗಲ್ಲ, ನಗ್ತಾ ಇಲ್ಲ ನಾನು. ಇದೇ ತಪ್ಪನ್ನ ಮೀಸೆ ನರೆತ ಗಂಡಸೇ ಮಾಡಿದ್ದ ಕಣೆ, ನೀನ್ಯಾವ ಲೆಕ್ಕ. ಅವನ ಕತೇನೇ ಹೇಳ್ತೀನಿ, ತಲೆ ಇಲ್ಲಿಡು, ತೊಡೆ ಮೇಲೆ. ಕೌದಿ ಸರಿಯಾಗಿ ಹೊದ್ಕೋ. ಹೂಂ ಅಂತಿರ್ಬೇಕು, ತಿಳೀತಾ? ನಿನ್ನ ಹೂಂ ನಿಂತ್ರೆ ನನ್ನ ಕತೇನೂ ನಿಂತುಹೋಗುತ್ತೆ.

ಒಂದಾನೊಂದು ಕಾಲದಲ್ಲಿ, ಗೋಡೆಯ ನಲ್ಲಿಯಿಂದ ನೀರು ಬರುತ್ತೆ ಅಂದ್ರೆ ಜನ ಹೊಟ್ಟೆ ಹಿಡ್ಕೊಂಡು ನಗ್ತಿದ್ದಂಥ ಕಾಲದಲ್ಲಿ, ಒಂದು ಹೊಳೆ ಇತ್ತಂತೆ, ಆ ಹೊಳೆ ದಡದಲ್ಲಿ ಬಣ್ಣಗಾರರ ಕೇರಿ ಇತ್ತಂತೆ. ಬಟ್ಟೆಗೆ ಬಣ್ಣ ಹಾಕೋದೇ ಅವರ ಕಸುಬು. ಆದ್ರೆ ಈಗಿನ ಹಾಗೆ ಒಂದೇ ಅಂಗಡೀಲಿ ಏಳು ಬಣ್ಣ ಸಿಗ್ತಿರಲಿಲ್ಲ. ಒಂದೊಂದು ಮನೆಗೆ ಒಂದೊಂದು ಬಣ್ಣ. ಮೂಲೆ ಮನೆಯವರದು ಕೆಂಪು, ಅದರ ಪಕ್ಕದವರದು ದಾಳಿಂಬೆ ಸಿಪ್ಪೆಯ ಹಳದಿ, ಆಮೇಲೆ ಹಸಿರಿನವರು, ಕಟ್ಟಕಡೆಗೆ ಹೊಳೆಗೆ ಹತ್ತಿರ ಇದ್ದದ್ದು ನೀಲಿ ಮನೆ. ಆ ನೀಲಿ ಮನೆಯ ಯಜಮಾನ ಗಂಗಪ್ಪ, ಅವನ ಹೆಂಡತಿ ಪುಟ್ಟೀರಮ್ಮ. ಅವರಿಗೆ ಮೂರು ಜನ ಹೆಣ್ಣುಮಕ್ಕಳು, ಗೌರಿ, ಶಿವಿ, ಎಲ್ಲಕ್ಕಿಂತ ಚಿಕ್ಕೋಳು ತಾಯವ್ವ. ಹೆಸರು ತಾಯವ್ವ ಅಂತಿದ್ರೂ ಎಲ್ರೂ ತಾಯಿ ತಾಯಿ ಅಂತಲೇ ಕರೀತಿದ್ರಂತೆ.

ಆ ಕೇರೀಲಿ ಒಂದು ಪದ್ಧತಿ ಇತ್ತಂತೆ. ಮಗಳನ್ನ ಮದುವೆ ಮಾಡಿ ಕಳಿಸುವಾಗ ಅವಳ ಧಾರೆ ಸೀರೆಗೆ ತವರುಮನೆ ಬಣ್ಣಾನೇ ಹಾಕಬೇಕು, ಅದೂ ಹೆತ್ತಮ್ಮನೇ ಕೈಯಾರೆ ಹಾಕಬೇಕು. ಯಾಕೆ ಗೊತ್ತಾ? ಅಲ್ಲಿನ ಹೆಣ್ಣುಮಕ್ಕಳನ್ನೆಲ್ಲ ಹೊಳೆ ಆಚೆಗೇ ಕೊಡ್ತಿದ್ರು. ಹಬ್ಬಕ್ಕೆ ತವರಿಗೆ ಬರುವಾಗ ಅದೇ ಸೀರೆ ಉಟ್ಕೊಂಡು ಹರಿಗೋಲಲ್ಲಿ ಕೂತ್ಕೊಂಡು ಬರೋರು. ಮುಖ ಕಾಣೋಕೆ ಮುಂಚೆ ಬಣ್ಣ ಕಾಣೋದು. ಬಟ್ಟೆ ಒಗೆಯೋ ಹೆಂಗಸರು ಈಚೆ ದಡದಲ್ಲಿ ನಿಂತು ಕೂಗೋರಂತೆ, ಏ ಹಳದಿ ಬಂತು, ಓಡ್ರೇ, ಅವರಮ್ಮನಿಗೆ ಹೇಳ್ರೇ ಅಂತ. ಅಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬರೋಳು. ನಮ್ಮಜ್ಜಿ ಈ ಮಾತು ಹೇಳುವಾಗ ಸುಮ್ನಾಗಿಬಿಡೋಳು ಕಣೆ, ನಾನು ಆಗ ನಿನ್ನಷ್ಟೇ ಇದ್ದೆ, ಕತೆ ಮರೆತುಹೋಯ್ತೇನೋ ಅಂತ ಅವಳ ಗಲ್ಲ ಹಿಡಿದು ಅಲ್ಲಾಡಿಸ್ತಿದ್ದೆ. ಈಗ ನನಗೂ ಹಾಗೇ ಆಗುತ್ತೆ. ಇರಲಿ, ಮುಂದೆ ಕೇಳು.

ಪುಟ್ಟೀರಮ್ಮನ ನೀಲಿ ಅಂದ್ರೆ ಸುತ್ತ ಹತ್ತೂರಲ್ಲಿ ಹೆಸರುವಾಸಿ. ಅವಳ ಹಿತ್ತಲಲ್ಲಿ ಒಂದು ಕಲ್ಲುತೊಟ್ಟಿ ಇತ್ತಂತೆ. ಎರಡು ಮೊಳ ಉದ್ದ, ಒಂದು ಮೊಳ ಅಗಲ, ಒಂದು ಮೊಳ ಆಳ, ಅಷ್ಟೇ. ಹೊಳೆಯಿಂದ ಕೊಡದಲ್ಲಿ ನೀರು ಹೊತ್ಕೊಂಡು ಬಂದು ಸುರಿಯೋಳು. ಕೊಡ ಎಣಿಸುವಾಗ ಒಂದು ಎರಡು ಮೂರು ಅನ್ನೋಳಲ್ಲ. ಮೂರು ಮಕ್ಕಳೂ ತೊಟ್ಟಿ ಸುತ್ತ ನಿಂತಿರೋವು, ಗೌರಿಗೊಂದು ಅಂತ ಒಂದು ಕೊಡ ಸುರಿಯೋಳು, ಶಿವಿಗೊಂದು ಅಂತ ಇನ್ನೊಂದು, ತಾಯಿಗೊಂದು ಅಂತ ಮತ್ತೊಂದು. ಇಂಥವು ನಾಲ್ಕು ಸುತ್ತು ಆದ್ರೆ ತೊಟ್ಟಿ ಕಂಠದವರೆಗೆ ತುಂಬೋದು. ಎಷ್ಟು ಕೊಡ ಆಯ್ತು? ಹೂಂ, ಹನ್ನೆರಡು. ಇಷ್ಟು ಚೆನ್ನಾಗಿ ಲೆಕ್ಕ ಬರುತ್ತೆ, ಆದ್ರೂ ಅಳ್ತೀಯ ನೋಡು. ಆ ಹನ್ನೆರಡು ಕೊಡ ನೀರಿಗೆ ಒಂದೇ ಒಂದು ನೀಲಿ ಬಿಲ್ಲೆ. ಬಿಲ್ಲೆ ಅಂದ್ರೆ ನೀಲಿ ಗಿಡದ ಸೊಪ್ಪು ನೆನೆಹಾಕಿ, ಬಡಿದು, ಕೆಳಗೆ ಕೂತ ಗಸಿ ಒಣಗಿಸಿ ತಟ್ಟಿದ್ದು. ಅದನ್ನ ಅರೆದು, ಸುಣ್ಣಾನೂ ತಗಚೆ ಗಿಡದ ಬೀಜಾನೂ ಸೇರಿಸಿ ಹುಳಿ ಬರಿಸಿ, ಸೀರೇನ ಮಡಿಕೆ ಬೀಳದ ಹಾಗೆ ಉದ್ದಕ್ಕೆ ಮಲಗಿಸೋಳು. ತೆಗೆದಾಗ ಸೀರೆ ಹಸಿರಾಗಿರೋದಂತೆ. ಗಾಳಿ ತಾಗ್ತಾ ತಾಗ್ತಾ ನೀಲಿ ಆಗೋದಂತೆ.

ತೊಟ್ಟಿ ಖಾಲಿಯಾದ್ಮೇಲೆ ಉಜ್ಜಬೇಕಲ್ಲ, ಆ ಕೆಲಸ ತಾಯವ್ವನದು. ಅವಳೇ ಎಲ್ಲಕ್ಕಿಂತ ಚಿಕ್ಕೋಳು, ಅವಳನ್ನ ಎತ್ತಿ ತೊಟ್ಟಿಯೊಳಗೆ ಇಳಿಸಿಬಿಡೋರು. ಅವಳು ತೆಂಗಿನ ನಾರು ಹಿಡ್ಕೊಂಡು ನಾಲ್ಕೂ ಗೋಡೆ ಉಜ್ಜೋಳು, ಮೈಯೆಲ್ಲ ನೀಲಿ ಮಾಡ್ಕೊಳ್ಳೋಳು, ಆಮೇಲೆ ಅಲ್ಲೇ ಕಾಲು ಚಾಚಿ ಮಲಗಿಬಿಡೋಳು. ಪುಟ್ಟೀರಮ್ಮ ಮೇಲಿಂದ ಬಗ್ಗಿ ನೋಡಿ, ಎಲ್ಲೋಯ್ತು ನಮ್ಮನೆ ನೀಲಿ ಕೂಸು ಅಂತ ಕರೆಯೋಳಂತೆ.

ಗೌರೀನ ನೇಕಾರರ ಮನೆಗೆ ಕೊಟ್ರು, ಪುಟ್ಟೀರಮ್ಮ ಸೀರೆ ಅದ್ದಿದ್ಲು. ಶಿವೀನ ಗಾಣದವರ ಮನೆಗೆ ಕೊಟ್ರು, ಆಗಲೂ ಅದ್ದಿದ್ಲು. ಆಮೇಲೆ ಒಂದು ಚಳಿಗಾಲ ಪುಟ್ಟೀರಮ್ಮನಿಗೆ ಜ್ವರ ಬಂತು, ಹೋಗಿಬಿಟ್ಲಂತೆ. ಯಾಕಜ್ಜಿ ಅಂತ ಕೇಳ್ಬೇಡ. ಈ ಜಾಗ ನನಗೂ ಇಷ್ಟ ಇಲ್ಲ, ಬೇರೆ ಥರ ಹೇಳೋಣ ಅಂದ್ರೆ ಕತೆ ಮುಂದಕ್ಕೆ ಹೋಗಲ್ಲ.

ಅವಳು ಹೋದ್ಮೇಲೆ ಗಂಗಪ್ಪನಿಗೆ ಹಿತ್ತಲಿಗೆ ಹೋಗೋಕೇ ಮನಸ್ಸಿಲ್ಲ. ನೀಲಿ ಗಿಡ ಒಣಗಿದ್ವು. ತೊಟ್ಟಿ ನೀರಿಲ್ಲದೆ ಬಿಸಿಲಲ್ಲಿ ಕಾಯ್ದು ಕಾಯ್ದು ಒಂದು ದಿನ ಟಪ್ ಅಂತ ಸೀಳು ಬಿಡ್ತಂತೆ. ಅಷ್ಟರಲ್ಲಿ ತಾಯವ್ವನಿಗೂ ಗಂಡು ಗೊತ್ತಾಯ್ತು, ಆಚೆ ದಡದ ಹರಿಗೋಲಿನವರ ಹುಡುಗ, ಒಳ್ಳೇ ಹುಡುಗ. ತಿಂಗಳು ಕಳೆದ್ರೆ ಮದುವೆ. ಆಗ ಎಲ್ರಿಗೂ ಒಂದೇ ಯೋಚನೆ ಆಯ್ತು, ಈ ಹುಡುಗಿ ಸೀರೆಗೆ ನೀಲಿ ಹಾಕೋರು ಯಾರು?

ತಾಯವ್ವ ಅಟ್ಟ ಹತ್ತಿ ನೋಡ್ತಾಳೆ, ಒಂದು ಮಡಕೆ ಇತ್ತಂತೆ, ಮಡಕೆಯೊಳಗೆ ಒಂದು ಬಿಳಿ ಸೀರೆ. ಅಮ್ಮನೇ ನೂಲು ತೆಗೆದು, ನೇಯಿಸಿ, ಚಿಕ್ಕ ಮಗಳಿಗೆ ಅಂತ ಮಡಿಸಿಟ್ಟಿದ್ದು. ಸೀರೆ ಕೆಳಗೆ ಆರು ನೀಲಿ ಬಿಲ್ಲೆ. ಒಂದು ಸೀರೆಗೆ ಒಂದೇ ಬಿಲ್ಲೆ ಸಾಕಲ್ವಾ, ಮಿಕ್ಕ ಐದು ಮೊಮ್ಮಕ್ಕಳಿಗೆ ಅಂತ ಇಟ್ಟಿದ್ಲೋ ಏನೋ ಮಹಾತಾಯಿ. ತಾಯವ್ವ ಸೀರೆಗೆ ಮುಖ ಒತ್ತಿಕೊಂಡು ಅಟ್ಟದ ಮೇಲೇ ಕೂತು ಅತ್ತಳಂತೆ.

ಗಂಗಪ್ಪ ಮಗಳ ಕಣ್ಣೀರು ನೋಡ್ದ. ನೋಡಿ ಏನು ಮಾಡ್ದ? ಗಂಡಸರು ಏನು ಮಾಡ್ತಾರೋ ಅದನ್ನೇ ಮಾಡ್ದ, ಎಲ್ರಿಗಿಂತ ದೊಡ್ಡದು ಮಾಡಿಸ್ತೀನಿ ಅಂತ ಹೊರಟ. ಕಲ್ಲುಕುಟಿಗನ ಹತ್ರ ಹೋಗಿ, ನನ್ನ ಹೆಂಡತಿ ತೊಟ್ಟಿ ಇತ್ತಲ್ಲ, ಅಂಥದ್ದೇ ಬೇಕು, ಆದ್ರೆ ಎಲ್ಲದರಲ್ಲೂ ಎರಡರಷ್ಟು ಇರಲಿ, ಉದ್ದ ಎರಡರಷ್ಟು, ಅಗಲ ಎರಡರಷ್ಟು, ಆಳ ಎರಡರಷ್ಟು, ಗೋಡೆ ದಪ್ಪಾನೂ ಎರಡರಷ್ಟು ಅಂದ್ನಂತೆ. ಕಲ್ಲುಕುಟಿಗ ಕೆತ್ತಿದ. ತರೋಕೆ ಗಾಡಿ ಮಂಚಯ್ಯ ಬಂದ. ಹಳೇ ತೊಟ್ಟಿ ಒಂದು ಜೊತೆ ಎತ್ತಲ್ಲಿ ಬಂದಿತ್ತು, ಇದಕ್ಕೆ ಎರಡು ಜೊತೆ ಕಟ್ಟಯ್ಯ ಅಂದ ಗಂಗಪ್ಪ. ಕಟ್ಟಿದ್ರೆ ಎತ್ತುಗಳು ಕುತ್ತಿಗೆ ಉದ್ದ ಮಾಡಿ, ಬಾಲ ಬೀಸಿ, ನಿಂತಲ್ಲೇ ನಿಂತವು. ನಾಲ್ಕು ಜೊತೆ ಕಟ್ಟಿದ್ರೂ ಅಲುಗಾಡಲಿಲ್ಲ. ಕೊನೆಗೆ ಇಡೀ ಕೇರಿಯ ಎತ್ತು ಹಿಡ್ಕೊಂಡು ಬಂದು ಎಂಟು ಜೊತೆ ಕಟ್ಟಿದ್ರಂತೆ, ಆಗ ಹೊರಳ್ತು ಚಕ್ರ. ಮಂಚಯ್ಯ ಬೆವರು ಒರೆಸ್ಕೊಂಡು, ಏನ್ ಗಂಗಪ್ಪ, ತೊಟ್ಟಿ ಮಾಡಿಸಿದ್ಯೋ ಬೆಟ್ಟ ಮಾಡಿಸಿದ್ಯೋ ಅಂದ್ನಂತೆ. ಎಲ್ರೂ ನಕ್ಕರು. ಎಂಟು ಜೊತೆ ಯಾಕೆ ಬೇಕಾಯ್ತು ಅಂತ ಒಬ್ಬರಾದ್ರೂ ಯೋಚನೆ ಮಾಡಲಿಲ್ಲ ನೋಡು.

ಈ ಹೊಸ ತೊಟ್ಟೀನ ಹೊಳೆಯಿಂದ ಬರೋ ಕಾಲುವೆ ಪಕ್ಕ ಇಟ್ರು. ಅಡ್ಡ ಇಟ್ಟ ಹಲಗೆ ಎತ್ತಿದ್ರೆ ಕಾಲುವೆ ನೀರು ತಾನೇ ಬಂದು ತುಂಬಿಕೊಳ್ಳೋದು. ಕೊಡ ಹೊರೋ ಹಾಗೇ ಇಲ್ಲ, ಗೌರಿಗೊಂದು ಶಿವಿಗೊಂದು ಅನ್ನೋ ಹಾಗೂ ಇಲ್ಲ. ಸುಖ ಏನೋ ಆಯ್ತು, ಲೆಕ್ಕ ತಪ್ಪಿಹೋಯ್ತು.

ಆಮೇಲೆ ಗಂಗಪ್ಪ ಪಂಚೆ ಎತ್ತಿ ಕಟ್ಟಿ ನಿಂತ. ಚಿಕ್ಕ ತೊಟ್ಟಿಗೆ ಒಂದು ಬಿಲ್ಲೆ, ಇದು ಅದರ ಎರಡರಷ್ಟು, ಆದ್ರಿಂದ ಎರಡು ಬಿಲ್ಲೆ, ಇದ್ರಲ್ಲಿ ಏನಿದೆ ತಲೆ ಕೆಡಿಸ್ಕೊಳ್ಳೋದು ಅಂದ್ನಂತೆ. ಎರಡು ಬಿಲ್ಲೆ ಅರೆದು ಹಾಕಿ, ಸುಣ್ಣ ಹಾಕಿ, ಹುಳಿ ಬರೋವರೆಗೂ ಕಾದು, ತಾಯಿ, ಸೀರೆ ತಾರವ್ವ ಅಂದ. ಹುಡುಗಿ ಜಾಣೆ. ಅಪ್ಪಾಜಿ, ಮೊದಲು ನಿನ್ನ ರುಮಾಲು ಅದ್ದು, ಆಮೇಲೆ ಸೀರೆ ಅಂದ್ಲು. ರುಮಾಲು ಬಿಚ್ಚಿ ಅದ್ದಿ ತೆಗೆದ್ರು, ಗಾಳಿಗೆ ಹಿಡಿದ್ರು, ಹಿಡಿದೇ ಹಿಡಿದ್ರು. ನೀಲಿ ಎಲ್ಲಿ? ಮಳೆ ಬಂದು ತೊಳೆದುಹೋದ ಹಾಗಿತ್ತಂತೆ. ಮಂಚಯ್ಯ ದಾರೀಲಿ ಹೋಗ್ತಾ ನಿಂತು, ಗಂಗಪ್ಪ, ರುಮಾಲಿಗೆ ನೀಲಿ ಹಾಕಿದ್ಯೋ, ಬರೀ ನೀಲಿ ತೋರಿಸಿ ತೆಗೆದ್ಯೋ ಅಂದ. ಗಂಗಪ್ಪನಿಗೆ ಮೂಗಿನ ತುದೀಲಿ ಕೋಪ, ಆ ರುಮಾಲನ್ನೇ ತಲೆಗೆ ಸುತ್ಕೊಂಡು ಒಳಗೆ ಹೋದ್ನಂತೆ.

ಅಷ್ಟೊತ್ತಿಗೆ ದೊಡ್ಡಕ್ಕ ಗೌರಿ ಗಂಡನ ಜೊತೆ ಮದುವೆ ಕೆಲಸಕ್ಕೆ ಅಂತ ಬಂದ್ಲು. ಅವಳು ಬಂದ್ರೆ ಮನೇಲಿ ಗಾಳಿಗೂ ಜಾಗ ಇರ್ತಿರಲಿಲ್ಲ, ಅಷ್ಟು ಜೋರು. ಅಪ್ಪಾಜಿ, ನಿನಗೆ ಉದ್ದ ಬಿಟ್ರೆ ಬೇರೆ ಗೊತ್ತಿಲ್ವಾ? ಸೀರೆ ಅಂದ್ರೆ ಇಷ್ಟು ಮೊಳ ಉದ್ದ ಅಂತ ಮಾರಿ ಮಾರಿ ಹಾಗಾಗಿದೆ ನಿನ್ನ ತಲೆ. ನಾನು ನೇಕಾರರ ಮನೆ ಸೊಸೆ, ಬಟ್ಟೆಗೆ ಅಗಲಾನೂ ಇರುತ್ತೆ ಅಂದ್ಲು. ತೊಟ್ಟಿ ಬಾಯಿ ಮೇಲೆ ಕೈ ಚಾಚಿ ಅಳೆದ್ಲು, ಉದ್ದ ಎರಡರಷ್ಟು, ಅಗಲ ಎರಡರಷ್ಟು, ಹಳೇ ತೊಟ್ಟಿ ಬಾಯಿ ನಾಲ್ಕು ಜೋಡಿಸಿದ್ರೆ ಈ ತೊಟ್ಟಿ ಬಾಯಿ, ನಾಲ್ಕು ಬಿಲ್ಲೆ ಬೇಕು, ಹಾಕು ಇನ್ನೂ ಎರಡು ಅಂದ್ಲು. ಹಾಕಿದ್ರು. ಹುಳಿ ಬರೋವರೆಗೂ ಕಾದ್ರು. ಈ ಸಲ ಗಂಡನ ಬಿಳಿ ಪಂಚೆ ಎಳ್ಕೊಂಡ್ಲು. ಪಾಪ, ಅವನು ಟವಲ್ಲು ಸುತ್ಕೊಂಡು ಬಾಗಿಲ ಸಂದೀಲಿ ನಿಂತಿದ್ನಂತೆ. ಪಂಚೆ ತೆಗೆದ್ರೆ, ಹೂಂ, ನೀಲೀನೇ. ಆದ್ರೆ ಅರ್ಧ ನೀಲಿ. ಚೆಂದ ಇತ್ತು, ಪುಟ್ಟೀರಮ್ಮನ ನೀಲಿ ಅಲ್ಲ. ಗೌರಿಯೂ ಬಾಯಿ ಮುಚ್ಚಿಕೊಂಡ್ಲು. ಅವಳು ಸುಮ್ಮನಾದದ್ದು ನೋಡಿ ಎಲ್ರಿಗೂ ಭಯ ಆಯ್ತಂತೆ.

ನಡುವಿನಕ್ಕ ಶಿವಿ ಬಂದ್ಲು. ಅವಳದು ಅಳೋ ಜೀವ. ಮಿಕ್ಕಿರೋ ಎರಡೂ ಬಿಲ್ಲೆ ಹಾಕಿಬಿಡಿ, ದೇವರಿದ್ದಾನೆ, ಆದದ್ದಾಗಲಿ ಅಂತ ಅಳ್ತಾ ಹೇಳಿದ್ಲು. ತಾಯವ್ವ ಎರಡೂ ಬಿಲ್ಲೇನ ಸೆರಗಿಗೆ ಕಟ್ಕೊಂಡು, ಬೇಡಕ್ಕ, ಹಾಕಿದ್ಮೇಲೆ ತೆಗೆಯೋಕಾಗಲ್ಲ ಅಂದ್ಲಂತೆ. ಬೇರೆ ಊರಿಂದ ಬಿಲ್ಲೆ ತರೋಣ ಅಂದ್ರೆ ಬೇರೆಯವರ ಬಿಲ್ಲೆ ಬೇರೆ ನೀಲಿ. ಮನೇಲಿರೋ ಹಂಡೇಲಿ ಅದ್ದೋಣ ಅಂದ್ರೆ ತಾಮ್ರ ತಾಗಿ ಬಣ್ಣ ಕೆಡುತ್ತೆ, ಸೀರೇನೂ ಮಡಿಕೆ ಬಿದ್ದು ಗೆರೆ ಗೆರೆ ಆಗುತ್ತೆ. ಮದುವೆ ಹತ್ತಿರ ಬಂದುಬಿಡ್ತು. ಗಂಗಪ್ಪ ಸೋತುಹೋದ. ಬೇಡ ಮಗಳೇ, ಮೂಲೆ ಮನೆಯವರ ಹತ್ರ ಕೆಂಪು ಹಾಕಿಸ್ತೀನಿ, ಅದೂ ಲಕ್ಷಣವಾಗೇ ಇರುತ್ತೆ, ಅದನ್ನೇ ಉಟ್ಕೊಂಡು ಹೋಗವ್ವ ಅಂದ್ನಂತೆ.

ತಾಯವ್ವ ಅಂದ್ಲು, ಅಪ್ಪಾಜಿ, ಅಕ್ಕಂದಿರು ಬಂದ್ರೆ ದಡದಲ್ಲಿ ನೀಲಿ ಬಂತು ನೀಲಿ ಬಂತು ಅಂತ ಕೂಗ್ತಾರೆ. ನಾನು ಕೆಂಪುಟ್ಟು ಬಂದ್ರೆ ಮೂಲೆ ಮನೆಯವರ ಬಾಗಿಲು ತಟ್ತಾರೆ. ಅಮ್ಮ ಅಂತೂ ಇಲ್ಲ. ಅಮ್ಮನ ಬಣ್ಣಾನೂ ಇಲ್ಲ ಅಂದ್ಮೇಲೆ ನನ್ನ ಯಾರು ಗುರುತು ಹಿಡೀತಾರೆ? ಇಷ್ಟು ಹೇಳಿ ಹಿತ್ತಲಿಗೆ ಓಡಿದ್ಲಂತೆ.

ಹಿತ್ತಲಲ್ಲಿ ಆ ಸೀಳು ತೊಟ್ಟಿ ಇತ್ತಲ್ಲ, ಅದರೊಳಗೆ ಹೋಗಿ ಕೂತ್ಲು, ಚಿಕ್ಕೋಳಿದ್ದಾಗ ಕೂರ್ತಿದ್ದ ಹಾಗೆ. ಈಗ ಕಾಲು ಮಡಚಿದ್ರೇನೇ ಹಿಡಿಸೋದು. ಗೋಡೆ ಮೇಲೆ ಇನ್ನೂ ನೀಲಿ ಕಲೆ. ಅದರ ಮೇಲೆ ಕೈ ಆಡಿಸ್ತಾ ಕೂತ್ಲು. ಅಮ್ಮ ಮೇಲಿಂದ ಬಗ್ಗಿ ನೋಡ್ತಿದ್ದದ್ದು, ನೀಲಿ ಕೂಸು ಅಂತಿದ್ದದ್ದು, ಗೌರಿಗೊಂದು ಶಿವಿಗೊಂದು ತಾಯಿಗೊಂದು, ಎಲ್ಲಾ ನೆನಪಾಯ್ತು. ಅಮ್ಮ ಸುರಿದ ನೀರು ತೊಟ್ಟಿ ತಳದಿಂದ ಶುರುವಾಗಿ ಮೇಲೆ ಮೇಲೆ ಏರ್ತಾ ಬರೋದು. ಏರ್ತಾ ಬರೋದು! ಆಗ ಹೊಳೀತು ನೋಡು. ಅಪ್ಪಾಜಿ ಅಳೆದದ್ದು ಉದ್ದ, ಅಕ್ಕ ಅಳೆದದ್ದು ಉದ್ದ ಅಗಲ. ಬಟ್ಟೆ ಅಳೆಯೋ ಜನ ಅವರು. ಬಟ್ಟೆಗೆ ಆಳ ಎಲ್ಲಿದೆ? ನೀರಿಗಿದೆ. ತೊಟ್ಟಿಯೊಳಗೆ ಇಳಿದಿದ್ದೋಳು ತಾಯವ್ವ ಒಬ್ಬಳೇ, ಅವಳಿಗೊಬ್ಬಳಿಗೇ ಅದು ನೆನಪಾಯ್ತು.

ಎದ್ದು ಒಂದು ಕೋಲು ತಗೊಂಡ್ಲು, ಚಿಕ್ಕ ತೊಟ್ಟಿಯೊಳಗೆ ನಿಲ್ಲಿಸಿ ಅಂಚಿಗೆ ಸರಿಯಾಗಿ ಮುರಿದ್ಲು. ಅದನ್ನ ಹಿಡ್ಕೊಂಡು ಕಾಲುವೆ ಹತ್ರ ಓಡಿದ್ಲು, ದೊಡ್ಡ ತೊಟ್ಟಿ ಗೋಡೆಗೆ ಹಿಡಿದು ನೋಡಿದ್ಲು. ಎರಡು ಕೋಲು ಆಳ!

ಏಳು, ಒಂದ್ಗಳಿಗೆ ಎದ್ದು ಕೂತ್ಕೋ. ನನ್ನ ದಿಂಬಿನ ಹಿಂದೆ ಡಬ್ಬಿ ಇದೆ, ತಾ. ಅಚ್ಚುಬೆಲ್ಲ ಕಣೆ, ನಿಮ್ಮಮ್ಮನಿಗೆ ಹೇಳ್ಬೇಡ, ಸಕ್ಕರೆ ಕಾಯಿಲೆ ಅಂತ ನನ್ನ ತಲೆ ತಿಂತಾಳೆ. ಈ ಒಂದು ಅಚ್ಚು ಪುಟ್ಟೀರಮ್ಮನ ತೊಟ್ಟಿ ಅನ್ಕೋ. ಉದ್ದಕ್ಕೆ ಎರಡು ಇಡು. ಇದು ಗಂಗಪ್ಪನ ಲೆಕ್ಕ. ಅವುಗಳ ಪಕ್ಕ ಇನ್ನೆರಡು ಇಡು, ಅಗಲ ಆಯ್ತು. ನಾಲ್ಕು. ಇದು ಗೌರಿ ಲೆಕ್ಕ. ಈಗ ಆಳ ಎರಡರಷ್ಟು ಆಗಬೇಕಲ್ಲ, ಏನು ಮಾಡ್ತೀಯ? ಹಾಂ, ಭೇಷ್, ನಾಲ್ಕರ ಮೇಲೆ ಇನ್ನು ನಾಲ್ಕು. ಎಣಿಸು. ಎಂಟು! ನೋಡ್ದ್ಯಾ, ಎಂಟು ಜೊತೆ ಎತ್ತು ಯಾಕೆ ಬೇಕಾಯ್ತು ಅಂತ? ಕಲ್ಲಿಗೂ ಅದೇ ಲೆಕ್ಕ, ನೀರಿಗೂ ಅದೇ ಲೆಕ್ಕ. ಸರಿ ಸರಿ, ಬೆಲ್ಲ ಹಾಗೇ ಇರಲಿ, ಮಲ್ಕೋ. ಇನ್ನೂ ಕೆಲಸ ಇದೆ ಅದರಿಂದ.

ತಾಯವ್ವ ಅಕ್ಕಂದಿರನ್ನ ಕೂಗಿ ಹೇಳಿದ್ಲು, ಈ ತೊಟ್ಟೀಲಿ ಅಮ್ಮನ ತೊಟ್ಟಿ ಎಂಟು ಇದೆ ಕಣ್ರೇ, ಎಂಟು ಬಿಲ್ಲೆ ಬೇಕು. ಕೇಳಿದ್ದೇ ತಡ ಶಿವಿ ಗೊಳೋ ಅಂತ ಅತ್ಲು. ಇದ್ದದ್ದೇ ಆರು, ನಾಲ್ಕು ನೀರಿಗೆ ಬಿದ್ದಾಯ್ತು, ಕೈಲಿರೋದು ಎರಡು, ಇನ್ನೆರಡು ಎಲ್ಲಿಂದ ತರೋದು, ಅಮ್ಮನ್ನ ಎಬ್ಬಿಸ್ಕೊಂಡು ಬರೋಕಾಗುತ್ತಾ ಅಂತ. ಗಂಗಪ್ಪ ಕಾಲುವೆ ಕಲ್ಲಿನ ಮೇಲೆ ಕುಸಿದು ಕೂತ. ನಾನೇ ಕಣವ್ವ ಹಾಳು ಮಾಡಿದ್ದು, ದೊಡ್ಡದು ದೊಡ್ಡದು ಅಂತ ಕುಣಿದೆ ಅಂದ್ನಂತೆ.

ತಾಯವ್ವ ತೊಟ್ಟಿ ಅಂಚಿಗೆ ಬಂದ್ಲು. ನೀರನ್ನೇ ನೋಡ್ತಾ ನಿಂತ್ಲು, ಕೋಲು ನೋಡಿದ್ಲು, ಸೆರಗಿನ ಗಂಟು ನೋಡಿದ್ಲು. ಆಮೇಲೆ ಅಂದ್ಲು, ಅಕ್ಕ, ಬಿಲ್ಲೆ ಕಡಿಮೆ ಆಗಿಲ್ಲ ಕಣೆ. ನೀರು ಜಾಸ್ತಿ ಆಗಿದೆ. ಇಷ್ಟು ನೀರು ಯಾರಿಗೆ ಬೇಕು? ಒಂದು ಸೀರೆ ಮುಳುಗೋಕೆ ಅಮ್ಮನ ಒಂದು ಕೋಲು ಆಳ ಸಾಕು. ಅರ್ಧ ನೀರು ಹೊರಗೆ ತೆಗೀರಿ.

ಗೌರಿ ಸುಮ್ನಿರ್ತಾಳಾ? ಏನೇ ಹುಚ್ಚಿ, ನೀರು ತೆಗೆದ್ರೆ ಅದರ ಜೊತೆ ನೀಲೀನೂ ಹೋಗಲ್ವಾ ಅಂದ್ಲು. ಹೋಗಲಿ ಬಿಡಕ್ಕ ಅಂದ್ಲು ತಾಯವ್ವ. ಒಳಗೆ ನಾಲ್ಕು ಬಿಲ್ಲೆ ಇದೆ, ಅರ್ಧ ನೀರಿನ ಜೊತೆ ಎರಡು ಹೋಗುತ್ತೆ, ಎರಡು ಉಳಿಯುತ್ತೆ. ನನ್ನ ಸೆರಗಲ್ಲಿ ಎರಡಿದೆ. ಒಟ್ಟು ನಾಲ್ಕಾಯ್ತಲ್ಲ. ಎಂಟು ತೊಟ್ಟೀಲಿ ಅರ್ಧ ತೆಗೆದ್ರೆ ನೀರು ಎಷ್ಟು ತೊಟ್ಟಿ ಉಳಿಯುತ್ತೆ?

ಹೇಳು ನೋಡೋಣ, ನೀನೇ ಹೇಳು. ಬೆಲ್ಲದಲ್ಲಿ ಮೇಲಿನ ಅಂತಸ್ತು ತೆಗೆದುಬಿಡು. ನಾಲ್ಕು! ನಾಲ್ಕು ತೊಟ್ಟಿ ನೀರಿಗೆ ನಾಲ್ಕು ಬಿಲ್ಲೆ, ಒಂದಕ್ಕೊಂದು, ಅಮ್ಮನ ಲೆಕ್ಕವೇ ಆಯ್ತು. ನನ್ನ ಮೊಮ್ಮಗಳಾ ನೀನು, ಇಲ್ಲಾ ಮೇಷ್ಟ್ರಿಗೇ ಮೇಷ್ಟ್ರಾ?

ಆಮೇಲೆ ಕೇರೀಗೆಲ್ಲ ಸುದ್ದಿ ಹೋಯ್ತು. ಹೆಂಗಸರೆಲ್ಲ ಕೊಡ, ಮಡಕೆ, ಬಾನಿ, ಸಿಕ್ಕಿದ್ದು ಹಿಡ್ಕೊಂಡು ಬಂದ್ರಂತೆ. ಸುಮ್ನೆ ಚೆಲ್ಲೋದ್ಯಾಕೆ, ನಮ್ಮ ಮಕ್ಕಳ ಬಟ್ಟೆ ಅದ್ದಿಕೊಳ್ತೀವಿ ಅಂತ. ತಾಯವ್ವ ಅಮ್ಮನ ಕೊಡಾನೇ ತಗೊಂಡು ಮೊಗೆದ್ಲು. ಮೊದಲನೇ ಕೊಡ ಎತ್ತುವಾಗ ಅವಳ ಬಾಯಲ್ಲಿ ತಾನಾಗೇ ಬಂತು, ಗೌರಿಗೊಂದು. ಗೌರಿ ಗಕ್ಕನೆ ತಿರುಗಿ ನೋಡಿದ್ಲು. ಶಿವಿಗೊಂದು. ಶಿವಿ ಅಳು ನಿಲ್ಲಿಸಿದ್ಲು. ತಾಯಿಗೊಂದು ಅಂತ ಮೂರೂ ಜನ ಒಟ್ಟಿಗೆ ಹೇಳಿದ್ರಂತೆ. ಅಲ್ಲಿಂದ ಮೂವರೂ ಹೇಳ್ತಾ ಹೇಳ್ತಾ ಮೊಗೆದ್ರು, ನಕ್ಕೊಂಡು ಅತ್ಕೊಂಡು. ಅಮ್ಮನ ತೊಟ್ಟಿಗೆ ನಾಲ್ಕು ಸುತ್ತು, ಅಂಥ ನಾಲ್ಕು ತೊಟ್ಟಿ ಮೊಗೆದು ನಿಲ್ಲಿಸಿದ್ರು. ತಾಯವ್ವ ಕೋಲು ಇಳಿಬಿಟ್ಲು. ನೀರು ಕೋಲಿನ ತುದಿಗೆ ಬಂದು ನಿಂತಿತ್ತು. ಒಂದೇ ಕೋಲು, ಅಮ್ಮನ ಆಳ. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆ ಇಲ್ಲ.

ಮಿಕ್ಕ ಎರಡು ಬಿಲ್ಲೆ ಅರೆದು ಹಾಕಿದ್ರು. ಹುಳಿ ಬಂತು. ಈ ಸಲ ರುಮಾಲೂ ಬೇಡ ಪಂಚೇನೂ ಬೇಡ, ಸೀರೇನೇ ತಾ ಅಂದ್ಲು ತಾಯವ್ವ. ಅಮ್ಮ ನೂತ ನೂಲಿನ ಸೀರೇನ ಮೂರು ಜನ ಅಕ್ಕತಂಗೀರು ಹಿಡ್ಕೊಂಡು ಉದ್ದಕ್ಕೆ ಮಲಗಿಸಿದ್ರು. ತೆಗೆದಾಗ ಹಸಿರು. ಕಂಬದಿಂದ ಕಂಬಕ್ಕೆ ಹರಡಿದ್ರು. ಗಾಳಿ ಬಂತು, ಅಂಚು ನೀಲಿ ಆಯ್ತು, ಸೆರಗು ಆಯ್ತು, ಒಡಲು ಆಯ್ತು. ಗಂಗಪ್ಪ ನೋಡ್ತಾ ನೋಡ್ತಾ, ಪುಟ್ಟೀರಿ ಅಂದ. ಅಷ್ಟೇ ಅಂದದ್ದು. ಮುಖ ಮುಚ್ಚಿಕೊಂಡು ಎಲ್ರ ಮುಂದೇನೇ ಅತ್ತುಬಿಟ್ನಂತೆ. ಮಂಚಯ್ಯ ಹತ್ರ ಬಂದು ಹೆಗಲ ಮೇಲೆ ಕೈಯಿಟ್ಟು, ಅಳ್ಬೇಡ ಮಾರಾಯ, ಎಂಟು ಅಂತ ನನ್ನ ಎತ್ತುಗಳು ಮೊದಲೇ ಹೇಳಿದ್ವು, ನಾವು ಕೇಳಲಿಲ್ಲ ಅಂದ್ನಂತೆ. ಅಳೋನು ನಕ್ಕುಬಿಟ್ಟ.

ಮದುವೆ ದಿನ ನೋಡಬೇಕಿತ್ತಂತೆ. ಕೇರಿ ಮಕ್ಕಳು ಮರಿ, ಮುದುಕರು, ಗಾಡಿ ಮಂಚಯ್ಯನ ಅಂಗಿ, ಎಲ್ಲಾ ತಿಳಿನೀಲಿ. ಗೌರಿ ಗಂಡನ ಪಂಚೆ ಅರ್ಧ ನೀಲಿ. ಗಂಗಪ್ಪನ ರುಮಾಲು ಇನ್ನೂ ತೊಳೆದುಹೋದ ನೀಲಿ, ಅದನ್ನೇ ಹಟ ಮಾಡಿ ಸುತ್ಕೊಂಡಿದ್ದ. ಇಷ್ಟು ತಿಳಿನೀಲಿಯ ನಡುವೆ ತಾಯವ್ವ ಒಬ್ಬಳೇ ಪುಟ್ಟೀರಮ್ಮನ ನೀಲಿ. ಹರಿಗೋಲು ಹತ್ತೋಕೆ ಮುಂಚೆ ಅವಳು ಒಣಗಿದ ನೀಲಿ ಗಿಡದ ಬೀಜ ತಗೊಂಡು, ಆ ಸೀಳು ತೊಟ್ಟಿಗೆ ಮಣ್ಣು ತುಂಬಿ ಬಿತ್ತಿದ್ಲಂತೆ. ಅಪ್ಪಾಜಿ, ನೀರು ಹಾಕ್ತಿರು, ಸೀಳು ಇದ್ರೆ ಗಿಡಕ್ಕೆ ಒಳ್ಳೇದು, ಬೇರು ಕೊಳೆಯಲ್ಲ ಅಂದ್ಲಂತೆ.

ವರ್ಷ ತಿರುಗ್ತು. ಗಂಗಪ್ಪನ ಕಣ್ಣಿಗೆ ಪೊರೆ ಬಂತು. ಎದುರು ನಿಂತೋರ ಮುಖ ಕಾಣ್ತಿರಲಿಲ್ಲ, ಮಂಚಯ್ಯ ಮಾತಾಡಿದ್ರೆ ಮಂಚಯ್ಯ ಅಂತ ತಿಳಿಯೋದು. ಆದ್ರೂ ಬೆಳಿಗ್ಗೆ 'ಗೌರಿಗೊಂದು, ಶಿವಿಗೊಂದು, ತಾಯಿಗೊಂದು' ಅಂತ ತಡಕಾಡ್ಕೊಂಡು ಗಿಡಕ್ಕೆ ನೀರು ಹಾಕೋನು. ಗೌರಿ ಹಬ್ಬ ಬಂತು, ಹೆಣ್ಣುಮಕ್ಕಳು ತವರಿಗೆ ಬರೋ ಹಬ್ಬ. ಬೆಳಿಗ್ಗೇನೇ ಹೋಗಿ ದಡದ ಕಲ್ಲಿನ ಮೇಲೆ ಕೂತ್ಕೊಂಡ. ನಿನಗೇನು ಕಾಣುತ್ತೆ ಗಂಗಣ್ಣ, ಮನೆಗೆ ಹೋಗು, ಬಂದ್ರೆ ನಾವೇ ಕೂಗ್ತೀವಿ ಅಂತ ಬಟ್ಟೆ ಒಗೆಯೋ ಹೆಂಗಸರು ಹೇಳಿದ್ರಂತೆ. ಅವನು ಏಳಲಿಲ್ಲ. ಹರಿಗೋಲುಗಳು ಬಂದ್ವು, ಹೋದ್ವು. ಬಿಸಿಲು ಏರ್ತು. ಹೆಂಗಸರು ಬಗ್ಗಿ ಬಟ್ಟೆ ಕುಸುಬ್ತಾ ಇದ್ರು, ಯಾರೂ ಹೊಳೆ ಕಡೆ ನೋಡ್ತಿರಲಿಲ್ಲ. ಆಗ ಆ ಕಣ್ಣು ಕಾಣದ ಮುದುಕ ಎದ್ದು ನಿಂತು, ಇಡೀ ದಡಕ್ಕೆ ಕೇಳೋ ಹಾಗೆ ಕೂಗಿದ್ನಂತೆ, ನೀಲಿ ಬಂತು! ನಮ್ಮನೆ ನೀಲಿ ಬಂತು! ಹೆಂಗಸರು ತಲೆಯೆತ್ತಿ ನೋಡಿದ್ರೆ, ಹೊಳೆ ಆಚೆ ದೂರದಲ್ಲಿ ಒಂದು ಹರಿಗೋಲು, ಅದರಲ್ಲಿ ತಾಯವ್ವ. ಗಂಗಪ್ಪ ಮೊಳಕಾಲವರೆಗೂ ನೀರಿಗಿಳಿದು ಕೈ ಚಾಚಿಕೊಂಡು ನಿಂತಿದ್ನಂತೆ.

ಆಮೇಲೇನು, ಸೀಳು ತೊಟ್ಟಿ ತುಂಬ ನೀಲಿ ಗಿಡ, ಗಿಡದಿಂದ ಬಿಲ್ಲೆ, ಬಿಲ್ಲೆಯಿಂದ ಮೊಮ್ಮಕ್ಕಳ ಸೀರೆ, ಎಲ್ರೂ ಚೆನ್ನಾಗಿದ್ರಂತೆ.

ಎಲ್ಲೇ ನಿನ್ನ ಹೂಂ? ಇದೆಯಾ? ಇಲ್ಲಿ ನೋಡು, ನಿನ್ನ ಗಲ್ಲದ ಕೆಳಗೆ, ಕೌದಿ ಮೂಲೇಲಿ ಒಂದು ನೀಲಿ ತುಂಡು ಹೊಲಿದಿದೆ. ಇದು ನಾನು ಹೊಲಿದದ್ದಲ್ಲ. ನಮ್ಮಜ್ಜಿ ಕೌದೀಲಿತ್ತು, ಬಿಚ್ಚಿ ನನ್ನ ಕೌದಿಗೆ ಹಾಕ್ಕೊಂಡೆ, ನಿನ್ನ ಕೌದಿ ಹೊಲಿಯುವಾಗ ಮತ್ತೆ ಬಿಚ್ಚಿ ಇಲ್ಲಿಗೆ ಹಾಕಿದೆ. ಯಾವ ಸೀರೇದು ಅಂತ ಕೇಳಿದ್ರೆ ನಮ್ಮಜ್ಜಿ ಹೇಳ್ತಿರಲಿಲ್ಲ, ನನ್ನ ಕೈ ಹಿಡಿದು ಅದರ ಮೇಲೆ ಇಡೋಳು. ನಿನ್ನ ಕೈ ಕೊಡು. ಹಾಂ, ಹಾಗೆ.

ಬೆಳಿಗ್ಗೆ ಎದ್ದು ಆ ಕೆಂಪು ಗೀಟಿನ ಪಕ್ಕ ಎಂಟು ಅಂತ ಬರಿ. ಬೆಲ್ಲ ಎಂಟೂ ನಿನಗೇ. ಬೇಡ, ಒಂದು ನನಗಿರಲಿ. ತೊಟ್ಟಿ ಖಾಲಿ ಆಯ್ತು, ಕೊಡ ಬೋರಲು ಹಾಕಿದೆ, ಅಲ್ಲಿಗೆ ಕತೆ ಮುಗೀತು, ಮಲಗು ನನ್ನ ನೀಲಿ ಕೂಸೇ.